ಅಷ್ಟೂರಿನಲ್ಲಿ ಕುಗ್ಗುತ್ತಾ ಹೋಗುವ ಗುಮ್ಮಟಗಳು

ಗೆಳೆಯರು ಲಂಡನ್ನಿಗೆ ಹೋದರೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಫೋಟೊ ಹಾಕ್ತಾರೆ: ಹಳೇ ಚರ್ಚು, ಒಳಗೆ ರಾಜರಾಣಿಯರ ಗೋರಿಗಳು. ನಮ್ಮ ಹೂಡೆಯ ಸುತ್ತಮುತ್ತ ಅಂಥದ್ದೊಂದನ್ನು ನಾನು ಕಂಡಿಲ್ಲ. ಪಕ್ಕದ ಬಾರಕೂರಿನಿಂದ ಆಳುಪರು ಶತಮಾನಗಟ್ಟಲೆ ಆಳಿದರೂ ಉಳಿದದ್ದು ಶಾಸನಗಳು, ದೇವಸ್ಥಾನಗಳು. ಅರಸನನ್ನು ಮಲಗಿಸಿದ ಜಾಗ ನೋಡಬೇಕು ಅಂದ್ರೆ ರಾಜ್ಯದ ಇನ್ನೊಂದು ತುದಿಗೆ, ಬೀದರಿಗೆ ಹೋಗಬೇಕು.

ಬೀದರ್ ಪೇಟೆಯಿಂದ ಅಷ್ಟೂರಿಗೆ ನಾಲ್ಕು ಕಿಲೋಮೀಟರ್ ಇರಬಹುದು. ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಮ್ಮಟಗಳ ಸಾಲು. ಅವುಗಳಲ್ಲಿ ಅಹಮದ್ ಶಾನದ್ದು ಬೇರೆಯೇ. ಹೊರಗಿನಿಂದ ದಪ್ಪ ಗೋಡೆಯ ಸಾದಾ ಕಟ್ಟಡ. ಒಳಗೆ ಕತ್ತಲೆ. ಉಸ್ತುವಾರಿ ನೋಡುವವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಮೇಲಕ್ಕೆ ಹಾಯಿಸಿದರು. ಆ ಬೆಳಕಿನ ತುಂಡು ಹೋದಲ್ಲೆಲ್ಲ ಚಿನ್ನ, ಕೆಂಪು, ನೀಲಿ. ಬಳ್ಳಿ, ಹೂವು, ಅಕ್ಷರ. ಸುಮಾರು ಆರುನೂರು ವರ್ಷದ ಬಣ್ಣ ಮಾರಾಯ್ರೆ! ಸುಲ್ತಾನನ ಗುರು ಇರಾನಿನ ಕಿರ್ಮಾನ್ ಕಡೆಯ ಸೂಫಿ ಶಾ ನಿಯಾಮತುಲ್ಲಾ. ಆತನ ಗುರುಪರಂಪರೆಯೂ ಆ ಗೋಡೆಗಳ ಮೇಲಿದೆ.

ಅಹಮದ್ ಶಾ ತೀರಿಕೊಂಡದ್ದು 1436ರಲ್ಲಿ. ಅದಕ್ಕೆ ನಾಲ್ಕೇ ವರ್ಷ ಮುಂಚೆ, 1432ರಲ್ಲಿ, ನಮ್ಮ ಕಾರ್ಕಳದಲ್ಲಿ ವೀರಪಾಂಡ್ಯ ಗೊಮ್ಮಟನನ್ನು ನಿಲ್ಲಿಸಿದ್ದ. ಆಗ ನಮ್ಮ ಕರಾವಳಿ ವಿಜಯನಗರದ ಕೈಕೆಳಗಿತ್ತು. ಅಂದರೆ ಈತ ನಮ್ಮ ಕಡೆಯವರ ಶತ್ರು. ಸಣ್ಣ ಶತ್ರುವೂ ಅಲ್ಲ. ವಿಜಯನಗರದ ಸೀಮೆಗೆ ನುಗ್ಗಿ, ಸತ್ತವರ ಲೆಕ್ಕ ಇಪ್ಪತ್ತು ಸಾವಿರ ಮುಟ್ಟಿದಾಗಲೆಲ್ಲ ಮೂರು ದಿನ ನಿಂತು ಹಬ್ಬ ಮಾಡುತ್ತಿದ್ದ ಅಂತ ಬರೆದವನು ಫರಿಶ್ತಾ. ಆತ ಬರೆದದ್ದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಸಂಖ್ಯೆ ಉಬ್ಬಿರಬಹುದು. ಆದರೆ ರಕ್ತ ಹರಿದದ್ದು ಸುಳ್ಳಲ್ಲ.

ಅದೇ ಮನುಷ್ಯ ಬರಗಾಲದಲ್ಲಿ ಪ್ರಾರ್ಥಿಸಿ ಮಳೆ ತರಿಸಿದ ಅಂತ 'ವಲಿ', ಅಂದರೆ ಸಂತ, ಆದ. ಇಲ್ಲಿಗೆ ಬರುವ ಎಷ್ಟೋ ಲಿಂಗಾಯತರಿಗೆ ಈತನೇ ಅಲ್ಲಮಪ್ರಭು. ಹೋಳಿ ಕಳೆದ ಮೇಲೆ ನಡೆಯುವ ಉರುಸಿಗೆ ಕಲಬುರಗಿ ಕಡೆಯ ಮಾಡಿಯಾಳದಿಂದ ಜಂಗಮರು ಬರ್ತಾರೆ. ದಿನ ಗೊತ್ತು ಮಾಡೋದು ಕೂಡ ನಮ್ಮ ಪಂಚಾಂಗದ ಲೆಕ್ಕದಲ್ಲಿ. ಇದನ್ನು 'ಸೌಹಾರ್ದದ ಸಂಕೇತ' ಅಂತ ಎರಡು ಪದದಲ್ಲಿ ಮುಗಿಸೋದು ನನಗೆ ಸೇರಲ್ಲ. ಕೊಂದವನ ಗೋರಿಗೆ ಜನ ಮಳೆ ಕೊಟ್ಟವನ ಹೆಸರಿಟ್ಟು ತಮ್ಮದು ಮಾಡಿಕೊಂಡರು. ಫರಿಶ್ತಾನನ್ನು ಓದಿಕೊಂಡು ಅಲ್ಲಿ ನಿಂತರೆ ಎರಡನ್ನೂ ಒಟ್ಟಿಗೆ ಹೊರಬೇಕಾಗುತ್ತದೆ.

ಮುಂದೆ ನಡೆದರೆ ಮಗ ಅಲಾವುದ್ದೀನನ ಗೋರಿ, ಅಲ್ಲಲ್ಲಿ ನೀಲಿ ಹೆಂಚು ಇನ್ನೂ ಅಂಟಿಕೊಂಡಿದೆ. ಆಮೇಲೆ 'ಜಾಲಿಂ' ಹುಮಾಯೂನನದ್ದು. ಗುಮ್ಮಟ ಅರ್ಧ ಸೀಳಿ ಬಿದ್ದಿದೆ. ಸಿಡಿಲು ಬಡಿದದ್ದು ಅಂತಾರೆ. ಕೊನೆಕೊನೆಗೆ ಕಟ್ಟಡಗಳೇ ಸಣ್ಣಗಾಗುತ್ತವೆ. ಅಧಿಕಾರ ಬರೀದರ ಕೈಗೆ ಹೋಗಿತ್ತು, ಸುಲ್ತಾನ ಹೆಸರಿಗಷ್ಟೇ. ಕಡೆಯವನು ಕಲೀಮುಲ್ಲಾ ಊರು ಬಿಟ್ಟು ಓಡಿ ಅಹಮದ್‌ನಗರದಲ್ಲಿ ಸತ್ತ. ಹೆಣ ಬೀದರಿಗೆ ಬಂತು. ಅವನಿಗೆ ಸಿಕ್ಕಿದ್ದು ಒಂದು ಪುಟ್ಟ ಕೋಣೆ.