ಹುನಗುಂದದ ಕಂಠಿಯವರೂ 1962ರ ಮೈಸೂರು ಮುಖ್ಯಮಂತ್ರಿಪದವೂ

ವಿಜಾಪುರ ಜಿಲ್ಲೆಯ ದಕ್ಷಿಣ ಭಾಗವು ಇತಿಹಾಸದ ವಾಚಕರಿಗೆ ಚಿರಪರಿಚಿತವಾದುದು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಹೆಸರನ್ನೆತ್ತಿದೊಡನೆಯೆ ಚಾಲುಕ್ಯರ ಕಾಲವು ಕಣ್ಮುಂದೆ ನಿಲ್ಲುವುದು. ಆದರೆ 1997ರಲ್ಲಿ ಬಾಗಲಕೋಟೆ ಜಿಲ್ಲೆಯೆಂದು ಬೇರೆಯಾದ ಇದೇ ನೆಲವು, 1958ರಿಂದ ಒಬ್ಬರ ಹಿಂದೊಬ್ಬರಂತೆ ಮೂವರು ಮುಖ್ಯಮಂತ್ರಿಗಳಿಗೆ ಮತಕ್ಷೇತ್ರವಾಗಿದ್ದಿತೆಂಬುದನ್ನು ಗಮನಿಸಿದವರು ವಿರಳ. ಜಮಖಂಡಿಯ ಬಿ. ಡಿ. ಜತ್ತಿಯವರು ಮೊದಲಿನವರು, ಬಾಗಲಕೋಟೆಯಿಂದ ಆರಿಸಿಬಂದ ಎಸ್. ನಿಜಲಿಂಗಪ್ಪನವರು ಕೊನೆಯವರು, ಇವರಿಬ್ಬರ ನಡುವೆ ಮೂರು ತಿಂಗಳ ಮಟ್ಟಿಗೆ ಅಧಿಕಾರ ನಡೆಸಿದವರು ಹುನಗುಂದದ ಪ್ರತಿನಿಧಿ ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು. ಮೊದಲಿನವರ ಹಾಗೂ ಕೊನೆಯವರ ಚರಿತ್ರೆಯು ಸಾಕಷ್ಟು ಪ್ರಸಿದ್ಧವಾಗಿದೆ. ನಡುವಿನವರನ್ನು ಪಟ್ಟಿಯಲ್ಲಿ ಒಂದು ಸಾಲಾಗಿ ಮಾತ್ರ ಕಾಣುವುದು ವಾಡಿಕೆಯಾಗಿದೆ.

ಕಂಠಿಯವರು 1908ರ ದಶಂಬರ 21ರಂದು ಬಾದಾಮಿ ತಾಲೂಕಿನ ಕೆರೂರಿನಲ್ಲಿ ಜನಿಸಿದರು. ಅವರು ಪ್ರತಿನಿಧಿಸಿದ ಹುನಗುಂದ ತಾಲೂಕು, ಒಂದು ಕಡೆ ಕೂಡಲಸಂಗಮವನ್ನೂ ಐಹೊಳೆಯನ್ನೂ, ಇನ್ನೊಂದು ಕಡೆ ತೋಪತೆನಿ ಸೆರಗಿನ ಸೀರೆಗೆ ಹೆಸರಾದ ಇಳಕಲ್ಲನ್ನೂ ಒಳಗೊಂಡಿದ್ದಿತು. ಮಳೆಯನ್ನೇ ನಂಬಿದ ಜೋಳದ ಹೊಲ, ಮಗ್ಗವನ್ನೇ ನಂಬಿದ ನೇಕಾರರ ಓಣಿ, ಇವೆರಡೂ ಆ ಕ್ಷೇತ್ರದ ಜೀವನಾಧಾರಗಳು. ಅಲ್ಲಿಂದ ಅವರು ಮುಂಬಯಿಯ ವಿಧಾನಸಭೆಗೆ ಹೋದರು. 1952ರಲ್ಲಿ ಡಿ. ಕೆ. ಕುಂಟೆಯವರು ಸಭಾಧ್ಯಕ್ಷರಾದಾಗ ಕಂಠಿಯವರು ಉಪಸಭಾಧ್ಯಕ್ಷರಾದರು. ಆಗ ಅವರ ವಯಸ್ಸು ನಲವತ್ತಮೂರು.

1956ರ ನವಂಬರ 1ರಂದು ಮುಂಬಯಿ, ಹೈದರಾಬಾದು, ಮದರಾಸುಗಳ ಕನ್ನಡ ಭಾಗಗಳೂ ಕೊಡಗೂ ಮೈಸೂರಿನೊಡನೆ ಒಂದಾದುವು. ಐದು ಆಡಳಿತಗಳ ರೂಢಿಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದ ಸದಸ್ಯರು ಒಂದೇ ಸಭೆಯಲ್ಲಿ ಕುಳಿತ ಕಾಲವದು. ಅಂತಹ ಸಭೆಗೆ ಅದೇ ವರ್ಷದ ದಶಂಬರದಲ್ಲಿ ಕಂಠಿಯವರು ಅಧ್ಯಕ್ಷರಾದರು; 1962ರ ಮಾರ್ಚಿಯವರೆಗೂ ಆ ಪೀಠದಲ್ಲಿದ್ದರು. ಪೀಠವೇರಿದವನು ಪಕ್ಷವನ್ನು ಶಾಶ್ವತವಾಗಿ ತೊರೆಯಬೇಕೆಂಬ ಇಂಗ್ಲೆಂಡಿನ ಪದ್ಧತಿಯು ನಮ್ಮಲ್ಲಿ ಬೇರೂರಲಿಲ್ಲ. ಬೇರೂರಿದ್ದರೆ ಮುಂದಿನ ಪ್ರಸಂಗವೇ ಒದಗುತ್ತಿರಲಿಲ್ಲ.

1962ರ ಚುನಾವಣೆಯಲ್ಲಿ 208 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 138 ದೊರೆತುವು. ಆದರೆ ನಿಜಲಿಂಗಪ್ಪನವರು ತಾವೇ ಹೊಸದುರ್ಗದಲ್ಲಿ ಸೋತರು. ಸೈನ್ಯಕ್ಕೆ ಗೆಲವಾಗಿ ದಂಡನಾಯಕನಿಗೆ ಸೋಲಾದಂತಹ ಈ ಸನ್ನಿವೇಶದಲ್ಲಿ, ಮಾರ್ಚಿ 14ರಂದು ಕಂಠಿಯವರು ಮುಖ್ಯಮಂತ್ರಿಗಳಾದರು. ಬಾಗಲಕೋಟೆಯಲ್ಲಿ ಗೆದ್ದಿದ್ದ ಬಿ. ಟಿ. ಮುರನಾಳರು ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟರು. ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಅಲ್ಲಿಂದ ಅವಿರೋಧವಾಗಿ ಆರಿಸಿಬಂದರು. ಜೂನ್ ತಿಂಗಳ ಮೂರನೆಯ ವಾರದಲ್ಲಿ ಕಂಠಿಯವರು ಪದವಿಯನ್ನು ತ್ಯಜಿಸಿದರು.

ಇಲ್ಲಿ ಒಂದು ಪ್ರಶ್ನೆಯು ವಿಚಾರಾರ್ಹವಾಗಿದೆ. ಸದಸ್ಯನಲ್ಲದವನೂ ಆರು ತಿಂಗಳವರೆಗೆ ಮಂತ್ರಿಯಾಗಿರಬಹುದೆಂದು ಸಂವಿಧಾನದ 164ನೆಯ ವಿಧಿಯೇ ಅವಕಾಶ ಕೊಟ್ಟಿದೆ. 1952ರಲ್ಲಿ ಮೊರಾರ್ಜಿ ದೇಸಾಯಿಯವರು ಅತ್ಯಲ್ಪ ಮತಗಳಿಂದ ಸೋತೂ ಮುಂಬಯಿಯ ಮುಖ್ಯಮಂತ್ರಿಗಳಾಗಿ, ಅನಂತರ ಉಪಚುನಾವಣೆಯಲ್ಲಿ ಗೆದ್ದುಬಂದಿದ್ದರು. ಕಂಠಿಯವರು ಉಪಸಭಾಧ್ಯಕ್ಷರಾಗಿದ್ದುದು ಆ ಸಭೆಯಲ್ಲಿಯೇ. ಆದುದರಿಂದ ಮೈಸೂರಿನಲ್ಲಿ ನಡುವೆ ಇನ್ನೊಬ್ಬರನ್ನು ಕುಳ್ಳಿರಿಸಿದುದು ಕಾನೂನಿನ ನಿರ್ಬಂಧದಿಂದಲ್ಲ. ಮತದಾರರು ಬೇಡವೆಂದವನು ಒಡನೆಯೆ ಪೀಠವೇರಬಾರದೆಂಬ ಸಂಕೋಚವೋ, ಪಕ್ಷದೊಳಗಣ ಬಣಗಳ ಭೀತಿಯೋ ಕಾರಣವಾಗಿರಬೇಕು. 1958ರಲ್ಲಿ ನಿಜಲಿಂಗಪ್ಪನವರು ಇಳಿದು ಜತ್ತಿಯವರು ಏರಿದ್ದುದನ್ನು ನೆನೆದರೆ ಎರಡನೆಯದೇ ಹೆಚ್ಚು ಸಂಭವನೀಯವಾಗಿ ತೋರುವುದು.

ಈ ಪ್ರಸಂಗಕ್ಕೆ ಭರತನ ಪಾದುಕೆಗಳ ಹೋಲಿಕೆಯು ಸುಲಭವಾಗಿ ಹೊಂದುವಂತಿದೆ. ಆದರೆ ಅದು ಅಷ್ಟು ಸಮಂಜಸವಲ್ಲ. ಭರತನಿಗೆ ಶಾಸಕರ ಬಹುಮತವನ್ನು ಕಾಯ್ದುಕೊಳ್ಳುವ ಹೊಣೆಯಿರಲಿಲ್ಲ, ಅಯೋಧ್ಯೆಯಲ್ಲಿ ಬಣಗಳಿರಲಿಲ್ಲ. ಕಂಠಿಯವರ ಕೈಯಲ್ಲಿದ್ದುದು ಪಾದುಕೆಗಳಲ್ಲ, ನಿಜವಾದ ಅಧಿಕಾರ. ಹಿಡಿದುಕೊಳ್ಳಲು ಮನಸ್ಸು ಮಾಡಿದ್ದರೆ ಬೆಂಬಲಕ್ಕೆ ಜನರು ಸಿಕ್ಕದೆ ಇರುತ್ತಿರಲಿಲ್ಲ. ಹೀಗಿರುವಲ್ಲಿ ಅವರನ್ನು ಕೇವಲ ಹಂಗಾಮಿ ಎಂದು ಬದಿಗೆ ಸರಿಸುವುದು ನ್ಯಾಯವಾಗಲಾರದು. ಐದು ವರ್ಷಗಳಿಗೂ ಮಿಕ್ಕಿ ಸಭಾಧ್ಯಕ್ಷಪೀಠದಲ್ಲಿ ಕುಳಿತು ಇತರರ ಸರದಿಯನ್ನು ಕಾಯ್ದು ಕೊಟ್ಟವರಿಗೆ, ತಮ್ಮ ಸರದಿಯು ಎಲ್ಲಿಗೆ ಮುಗಿಯುವುದೆಂಬುದು ತಿಳಿದಿದ್ದಿತೆನ್ನಬೇಕು.

ಅನಂತರ ಅವರು ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಶಿಕ್ಷಣಖಾತೆಯನ್ನು ವಹಿಸಿದರು. ಮುಖ್ಯಮಂತ್ರಿಯಾಗಿದ್ದವರು ಮರಳಿ ಸಾಮಾನ್ಯ ಮಂತ್ರಿಯಾಗುವುದನ್ನು ಕುಂದೆಂದು ಭಾವಿಸಲಿಲ್ಲ. ವಿಜಾಪುರದ ಸೈನಿಕಶಾಲೆಯು ಆರಂಭವಾದುದು ಇದೇ ಅವಧಿಯಲ್ಲಿ, 1963ರಲ್ಲಿ. 1969ರ ದಶಂಬರ 25ರಂದು, ಅರವತ್ತೊಂದು ತುಂಬಿದ ನಾಲ್ಕನೆಯ ದಿನ, ಕಂಠಿಯವರು ತೀರಿಕೊಂಡರು. ಆ ಹೊತ್ತಿಗೆ ಕಾಂಗ್ರೆಸ್ಸು ಎರಡಾಗಿ ಒಡೆದಿದ್ದಿತು. ಅದರ ಒಂದು ಭಾಗಕ್ಕೆ ನಿಜಲಿಂಗಪ್ಪನವರೇ ಅಧ್ಯಕ್ಷರಾಗಿದ್ದರು.