ಮಳೆ ಉಂಟಾ?

ಉಡುಪಿಯಿಂದ ಚಿಕ್ಕಮ್ಮನ ಫೋನು ಬಂದರೆ ಮೊದಲ ಪ್ರಶ್ನೆ ಇದೇ: "ಅಲ್ಲಿ ಮಳೆ ಉಂಟಾ?" ಮುಂಬೈಯ ಸಯನ್‌ನಲ್ಲಿ ಕೂತು ಇದಕ್ಕೆ ಉತ್ತರಿಸುವುದು ಕಷ್ಟ. ಉಂಟು ಅಂದರೆ ಎಷ್ಟು? 2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಹೊಯ್ದಿತ್ತು. ಅದೇ ಊರಿನ ಕೊಲಾಬಾದಲ್ಲಿ ನೂರೂ ದಾಟಿರಲಿಲ್ಲ. ಎರಡೂ ಮಳೆಯೇ.

ನಮ್ಮ ಕಟ್ಟಡದ ಮೆಟ್ಟಿಲಲ್ಲಿ ಮಾತ್ರ ಅದಕ್ಕೆ ಹಲವು ಹೆಸರು. ಮರಾಠಿಯವರಿಗೆ ಪಾವೂಸ್, ಕೊಂಕಣಿಯವರಿಗೆ ಪಾವ್ಸು. ಎರಡೂ ಸಂಸ್ಕೃತದ ಪ್ರಾವೃಷದ ಮಕ್ಕಳು. ವಾಚ್‌ಮನ್‌ಗೆ ಬಾರಿಶ್. ತುಳುವರಿಗೆ ಬರ್ಸ, ಅಂದರೆ ವರ್ಷ. ಮಳೆಯಿಂದ ಮಳೆಗೆ ಕಾಲ ಎಣಿಸಿದವರು ಕೊಟ್ಟ ಆ ಶಬ್ದವನ್ನು ನಾವು ಕ್ಯಾಲೆಂಡರಿಗೆ ಒಪ್ಪಿಸಿಬಿಟ್ಟಿದ್ದೇವೆ. ಹಾಗಂತ ತುಳುವರು 'ಮಳೆ'ಯ ಬಳಗದ ಹಳೆಯ ಮಾತನ್ನು ಪೂರ್ತಿ ಬಿಟ್ಟಿಲ್ಲ, ಮಳೆಗಾಲ ಅವರಿಗೆ ಇಂದಿಗೂ ಮರಿಯಾಲ. ಇನ್ನು ಮೂರನೇ ಮಹಡಿಯ ತಮಿಳು ಮಾಮಿ, ಒಣಹಾಕಿದ ಬಟ್ಟೆ ಬಾಚಿಕೊಳ್ಳುತ್ತಾ "ಮೞೈ!" ಎಂದು ಕೂಗಿದರೆ ನನಗೆ ಹಳಗನ್ನಡದ ಪಾಠ ನೆನಪಾಗುತ್ತದೆ. ನಮ್ಮದೂ ಒಂದು ಕಾಲಕ್ಕೆ 'ಮೞೆ'ಯೇ. ನಾವು ಶತಮಾನಗಳ ಹಿಂದೆ ಕಳೆದುಕೊಂಡ ೞಕಾರ ಮಾಮಿಯ ನಾಲಗೆಯಲ್ಲಿ ಹಾಯಾಗಿದೆ.

ಆದರೆ ಕನ್ನಡದ ಸೊಗಸಿರುವುದು ಮಳೆಗೆ ಹಚ್ಚುವ ಕ್ರಿಯಾಪದದಲ್ಲಿ. ಮಳೆ ಬರುತ್ತದೆ, ನೆಂಟರ ಹಾಗೆ. ಹನಿಯುತ್ತದೆ, ಜಿನುಗುತ್ತದೆ, ಹೊಯ್ಯುತ್ತದೆ, ಬಡಿಯುತ್ತದೆ. ಎಲ್ಲಕ್ಕಿಂತ ಹೆದರಿಕೆಯದು 'ಮಳೆ ಹಿಡಿದಿದೆ' ಎಂಬುದು. ಜ್ವರ ಹಿಡಿದ ಹಾಗೆ, ಯಾವಾಗ ಬಿಡುತ್ತದೋ ಗೊತ್ತಿಲ್ಲ. ಕುರ್ಲಾ-ಸಯನ್ ನಡುವೆ ಹಳಿ ಮುಳುಗಿ ಲೋಕಲ್ ನಿಂತ ದಿನ ಆ ಮಾತಿನ ತೂಕ ತಿಳಿಯುತ್ತದೆ. ಅಷ್ಟಾದರೂ ಆ ನೀರನ್ನು ನಾನು ನೆರೆ ಅನ್ನಲಾರೆ. ನೆರೆ ಹೊಳೆಯಿಂದ ಬರಬೇಕು. ಇದು ಗಟಾರದಿಂದ ಬಂದದ್ದು. ಇಲ್ಲಿ ಎಲ್ಲರೂ ಹೇಳುವಂತೆ 'ಪಾನಿ ಭರ್ ಗಯಾ', ಅಷ್ಟೇ.

ಕಳೆದುಹೋಗುತ್ತಿರುವುದು ಇನ್ನೊಂದು ಶಬ್ದ. ಮಳೆ ಸ್ವಲ್ಪ ಬಿಡುವು ಕೊಟ್ಟು ಬೆಳಕಾದರೆ ಮಲೆನಾಡಿನವರು 'ಹೊಳವಾಯಿತು' ಅನ್ನುತ್ತಾರೆ. ಮರಾಠಿಯಲ್ಲಿ ಅದಕ್ಕೆ 'ಉಘಡೀಪ್' ಇದೆ. ಮೊನ್ನೆ ಚಿಕ್ಕಮ್ಮನ ಹತ್ತಿರ ನನ್ನ ಬಾಯಿಂದ ಅದೇ ಬಂತು. "ಎಂಥದ್ದು?" ಎಂದರು. "ಮಳೆ ಬಿಟ್ಟಿದೆ ಚಿಕ್ಕಮ್ಮ" ಎಂದು ತಿದ್ದಿಕೊಂಡೆ, ಹೊಳವು ನೆನಪಾದದ್ದು ಫೋನಿಟ್ಟ ಮೇಲೆ.

ನಿಮ್ಮ ಊರಲ್ಲಿ ಈ ಬಿಡುವಿಗೆ ಏನನ್ನುತ್ತೀರಿ? ಬರೆದು ತಿಳಿಸಿ.