ಅರಸನ ಕೈಯಲ್ಲಿ ಗಾಳ

ಯಾರ ಬಾಯಿಂದಲಾದರೂ ಗುಟ್ಟು ಹೊರಡಿಸಬೇಕಾದರೆ ಕನ್ನಡಿಗರು ‘ಸ್ವಲ್ಪ ಗಾಳ ಹಾಕಿ ನೋಡು’ ಎನ್ನುತ್ತಾರೆ. ಸಣ್ಣ ಲಾಭದ ಆಸೆ ತೋರಿಸಿ ದೊಡ್ಡದನ್ನು ಕಸಿಯುವವನಿಗೂ ಗಾಳದ ಹೋಲಿಕೆಯೇ. ಎರೆ ಎಂಬ ಮಾತಿಗೆ ಪ್ರಾಣಿಗೆ ಒಡ್ಡುವ ಆಹಾರ ಎಂಬ ಅರ್ಥ ಹಳೆಯದು. ಬಳ್ಳಾರಿ ಸೀಮೆಯಲ್ಲಿ ಎರೆ ಎಂದೊಡನೆ ಕಪ್ಪು ಭೂಮಿಯೇ ನೆನಪಾಗುತ್ತದೆ, ಆ ಮಾತು ಬೇರೆ. ಹೀಗೆ ಆಡುಮಾತಿನಲ್ಲಿ ಗಟ್ಟಿಯಾಗಿ ಕುಳಿತಿರುವ ಈ ಕಸುಬು ಪುಸ್ತಕಗಳಲ್ಲಿ ಮಾತ್ರ ಅಪರೂಪ. ಗಾಳ ಹಿಡಿಯುವವರು ಬರೆಯುವವರಾಗಿರಲಿಲ್ಲ. ಬರೆಯುವವರು ಗಾಳ ಹಿಡಿಯುತ್ತಿರಲಿಲ್ಲ. ಈ ನಿಯಮಕ್ಕೆ ಕರ್ನಾಟಕದಲ್ಲಿ ದೊಡ್ಡದೊಂದು ಅಪವಾದವಿದೆ. ಆತ ಚಕ್ರವರ್ತಿ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ವಿಕ್ರಮಾದಿತ್ಯನ ಮಗ. ತಂದೆಯಂತೆ ಯುದ್ಧಗಳಿಂದ ಹೆಸರು ಮಾಡಿದವನಲ್ಲ. ‘ಸರ್ವಜ್ಞ ಚಕ್ರವರ್ತಿ’ ಎಂಬುದು ಅವನ ಬಿರುದು. 1127ರ ಸುಮಾರಿಗೆ ಪಟ್ಟಕ್ಕೆ ಬಂದು 1138ರವರೆಗೆ ಆಳಿದ ಈತ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಒಂದೊಂದರಲ್ಲೂ ಇಪ್ಪತ್ತು ಅಧ್ಯಾಯಗಳಿರುವ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯ. ರಾಜ್ಯವನ್ನು ಗಳಿಸುವುದು, ಉಳಿಸುವುದು, ಅರಮನೆಯ ಅಡುಗೆ, ಆನೆ, ಕುದುರೆ, ಚಿತ್ರಕಲೆ, ಸಂಗೀತ, ಒಗಟು, ಹೀಗೆ ಅದರಲ್ಲಿಲ್ಲದ ವಿಷಯ ಕಡಿಮೆ. ನಾಲ್ಕನೆಯ ವಿಂಶತಿ ವಿನೋದಗಳಿಗೆ ಮೀಸಲು. ಮಲ್ಲರ ಕಾಳಗ, ಕೋಳಿ ಅಂಕ, ಟಗರು ಮತ್ತು ಕೋಣಗಳ ಕಾದಾಟ ಎಲ್ಲ ಮುಗಿದ ಮೇಲೆ, ಗಿಡುಗದ ಬೇಟೆಗೂ ಜಿಂಕೆಯ ಬೇಟೆಗೂ ನಡುವೆ ‘ಮತ್ಸ್ಯವಿನೋದ’ ಬರುತ್ತದೆ. ಗಾಳ ಹಾಕಿ ಮೀನು ಹಿಡಿಯುವ ಆಟಕ್ಕೆ ಅರಸನೊಬ್ಬ ಇಡೀ ಅಧ್ಯಾಯವನ್ನೇ ಕೊಟ್ಟಿದ್ದಾನೆ.

ಗಾಳದ ಮೇಲಿನ ಬರಹ ಎಂದರೆ ಓದುಬರಹ ಬಲ್ಲವರು ತಟ್ಟನೆ ಹೆಸರಿಸುವುದು ಇಂಗ್ಲೆಂಡಿನ ಐಸಾಕ್ ವಾಲ್ಟನ್ನನನ್ನು. ಅವನ ಪುಸ್ತಕ ಹೊರಬಿದ್ದದ್ದು 1653ರಲ್ಲಿ. ಗಾಳದ ಬಗ್ಗೆ ಇಂಗ್ಲಿಷಿನಲ್ಲಿ ಮೊದಲು ಅಚ್ಚಾದ ಬರಹದ ಕಾಲ 1496. ಸೋಮೇಶ್ವರ ಅದಕ್ಕೂ ಮೂರೂವರೆ ಶತಮಾನ ಹಿಂದಿನವನು. ಯಾರು ಮೊದಲು ಎಂಬ ಪಂದ್ಯ ಇಲ್ಲಿ ಮುಖ್ಯವಲ್ಲ. ಆತ ವಿಷಯವನ್ನು ಎಲ್ಲಿಂದ ಹಿಡಿದ ಎಂಬುದು ನೋಡತಕ್ಕದ್ದು.

ಗಾಳದ ಕೋಲಿನ ವರ್ಣನೆಯೊಂದೇ ಅರಸನಿಗೆ ಸಾಕಾಗಲಿಲ್ಲ. ಮೀನುಗಳ ಪಟ್ಟಿಯನ್ನೇ ಕೊಟ್ಟ. ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಸಮುದ್ರದವು, ನದಿಯವು ಎಂದು ಬೇರ್ಪಡಿಸುತ್ತಾನೆ. ಆಮೇಲೆ ಮೈಮೇಲೆ ಹುರುಪೆ ಇರುವವು, ಇಲ್ಲದವು. ದೊಡ್ಡವು, ನಡುವಿನವು, ಸಣ್ಣವು. ಮೇಲುನೋಟಕ್ಕೆ ಇದು ಪಂಡಿತರ ವರ್ಗೀಕರಣದ ಚಟ ಎನಿಸೀತು. ಆದರೆ ಹೊಳೆಯ ದಂಡೆಯಲ್ಲಿ ಕೂತವನ ಕಣ್ಣಿಂದ ನೋಡಿದರೆ ಅದು ಸಲಕರಣೆ ಆರಿಸುವ ಕೋಷ್ಟಕ. ನಮ್ಮ ಹೊಳೆಗಳ ಹುರುಪೆಯಿಲ್ಲದ ಮೀನುಗಳಲ್ಲಿ ಹೆಚ್ಚಿನವು ಮೀಸೆಯವು. ತಳದ ಕೆಸರಿನಲ್ಲಿ, ಬಹುಪಾಲು ರಾತ್ರಿ ಹೊತ್ತು, ಮೀಸೆಯ ಸ್ಪರ್ಶದಿಂದಲೂ ವಾಸನೆಯಿಂದಲೂ ಆಹಾರ ಹುಡುಕುತ್ತವೆ. ಅವಕ್ಕೆ ಮಾಂಸದ ಎರೆ ಬೇಕು, ಅದನ್ನು ತಳಕ್ಕೆ ಇಳಿಸುವ ಭಾರ ಬೇಕು. ಹುರುಪೆಯುಳ್ಳ ಗೆಂಡೆಯ ಜಾತಿಯವು ಹಿಟ್ಟು, ಕಾಳು, ಪಾಚಿ ತಿನ್ನುತ್ತವೆ. ಎರೆಯನ್ನು ಒಮ್ಮೆಲೇ ನುಂಗದೆ ಹೀರಿ ಉಗುಳಿ ಪರೀಕ್ಷಿಸುತ್ತವೆ. ಅವಕ್ಕೆ ಸಣ್ಣ ಗಾಳ, ಮೆತ್ತನೆಯ ಉಂಡೆ, ನೀರಿನ ಮೇಲೆ ನಡುಗಿ ಸುಳಿವು ಕೊಡುವ ಹಗುರ ಬೆಂಡು ಬೇಕು. ದೊಡ್ಡದೋ ಸಣ್ಣದೋ ಎಂಬುದರ ಮೇಲೆ ದಾರದ ದಪ್ಪ ನಿಲ್ಲುತ್ತದೆ. ಮೀನು ಯಾವುದೆಂದು ತಿಳಿದ ಮೇಲೇ ಕೋಲಿನ ಮಾತು.

ಮೇವಿನ ವಿಷಯದಲ್ಲಂತೂ ಅರಸನದು ಅಡುಗೆಯವನ ಗಮನ. ಹಿಟ್ಟು, ಹಿಂಡಿ, ಅನ್ನ, ಮಾಂಸ ಮುಂತಾದವುಗಳನ್ನು ಕಲಸಿ ಉಂಡೆ ಮಾಡಿ ಯಾವ ಮೀನಿಗೆ ಯಾವುದನ್ನು ಹಾಕಬೇಕೆಂದು ಹೇಳುತ್ತಾನೆ. ಇದು ಬರೀ ಗಾಳದ ತುದಿಗೆ ಸಿಕ್ಕಿಸುವ ಎರೆಯ ಮಾತಲ್ಲ, ಮೀನನ್ನು ಕೊಬ್ಬಿಸುವ ಮಾತೂ ಹೌದು. ಇಂದಿಗೂ ಕೆರೆ ದಂಡೆಯಲ್ಲಿ ಗಾಳ ಹಾಕುವವರು ಮೊದಲು ಒಂದೆರಡು ಹಿಡಿ ತವುಡೋ ಹಿಂಡಿಯೋ ನೀರಿಗೆ ಎರಚಿ ಮೀನನ್ನು ಆ ಜಾಗಕ್ಕೆ ರೂಢಿ ಮಾಡಿಸುತ್ತಾರೆ. ರೂಢಿಯಾದ ಮೀನಿಗೆ ಸಂಶಯ ಕಡಿಮೆ. ದರ್ಬಾರು ನಡೆಸಿದವನಿಗೆ ಈ ತತ್ತ್ವ ವಿವರಿಸಿ ಹೇಳಬೇಕಾಗಿರಲಿಲ್ಲವೇನೋ.

ಕೋಲು, ದಾರ, ಗಾಳ ಮೂರರಲ್ಲಿ ಹೊಸಬರು ಬೆಲೆ ಕೊಡುವುದು ಕೋಲಿಗೆ. ಅನುಭವಿಗಳು ಮೊದಲು ನೋಡುವುದು ದಾರವನ್ನು, ಅದರ ಗಂಟನ್ನು. ದಾರ ಹರಿಯುವುದು ಮೀನಿನ ತೂಕದಿಂದಲ್ಲ, ಜಗ್ಗಾಟದ ಒಂದು ಕ್ಷಣದ ಹೊಡೆತದಿಂದ. ಆ ಹೊಡೆತವನ್ನು ನುಂಗಿಕೊಳ್ಳಲೆಂದೇ ಬಿದಿರಿನ ತುದಿ ಬಳುಕಬೇಕು. ಗಟ್ಟಿ ದೊಣ್ಣೆಗೆ ದಾರ ಕಟ್ಟಿದರೆ ಹರಿಯುವುದು ದಾರ. ಬಳುಕುವ ಕೋಲಿಗೆ ಕಟ್ಟಿದರೆ ದಣಿಯುವುದು ಮೀನು. ಗಾಳದ ತುದಿಯ ಹಿಮ್ಮುಳ್ಳು ಒಳಹೋದದ್ದು ಜಾರದಂತೆ ತಡೆಯುತ್ತದೆ, ನಿಜ. ಆದರೆ ದಾರ ಸಡಿಲಾದ ಗಳಿಗೆಯಲ್ಲಿ ತಲೆ ಒದರಿ ಅದನ್ನು ಕಿತ್ತೊಗೆಯುವ ಮೀನುಗಳಿವೆ. ಎಳೆಯುವಾಗ ಬಿಡಬೇಕು, ನಿಂತಾಗ ಎಳೆಯಬೇಕು, ಎಂದೂ ಪೂರ್ತಿ ಸಡಿಲಿಸಬಾರದು. ಹೇಳಲು ಒಂದು ವಾಕ್ಯ ಸಾಕು, ಕಲಿಯಲು ಕೆಲವು ಮಳೆಗಾಲ ಬೇಕು.

ಇಷ್ಟೆಲ್ಲ ಸೋಮೇಶ್ವರನಿಗೆ ಯಾರು ಕಲಿಸಿದರು? ಸಂಸ್ಕೃತ ಕೋಶಗಳಲ್ಲಿ ಪಾಠೀನ, ರೋಹಿತ ಮುಂತಾದ ಹೆಸರುಗಳು ಸಿಗುತ್ತವೆ ನಿಜ. ಆದರೆ ಒಂದೊಂದು ಮೀನು ಏನು ತಿನ್ನುತ್ತದೆಂಬ ತಿಳಿವಳಿಕೆ ಕೋಶ ಓದಿ ಬರುವಂಥದಲ್ಲ. ನೀರಿನಲ್ಲಿ ನಿಂತವರ ಬಾಯಿಂದಲೇ ಅದು ಬಂದಿರಬೇಕು. ಅವನ ರಾಜ್ಯದ ನಡುವೆ ಕೃಷ್ಣೆ, ಭೀಮೆ, ತುಂಗಭದ್ರೆಯರು ಹರಿಯುತ್ತಿದ್ದವು. ಪಶ್ಚಿಮದ ಕಡಲತೀರ ಸಾಮಂತರ ಕೈಯಲ್ಲಿತ್ತು. ತುಂಗಭದ್ರೆಯ ದಂಡೆಯ ಕಂಪ್ಲಿಯಲ್ಲಿ ಚಾಲುಕ್ಯರಿಗೆ ಅರಮನೆಯೇ ಇತ್ತು. 11ನೇ ಶತಮಾನದ ನಡುಗಾಲದಲ್ಲಿ ಅದನ್ನು ಕೆಡವಿದ್ದಾಗಿ ಚೋಳರ ಶಾಸನಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಕುಮಾರರಾಮನ ಕಥೆಯಿಂದ ಕಂಪ್ಲಿಯನ್ನು ಬಲ್ಲವರು ಈ ಹಳೆಯ ಅಧ್ಯಾಯವನ್ನು ಮರೆಯುವುದುಂಟು. ಹೊಳೆಯ ಬೆಸ್ತರು, ಅಂಬಿಗರು ಅರಸನ ಗ್ರಂಥಕ್ಕೆ ಕೊಟ್ಟದ್ದೆಷ್ಟು ಎಂಬ ಲೆಕ್ಕ ಮಾತ್ರ ಯಾವ ಶಾಸನದಲ್ಲೂ ಕೆತ್ತಿಲ್ಲ.

ಗ್ರಂಥವೂ ಬಹುಕಾಲ ಓಲೆಗರಿಗಳಲ್ಲೇ ಉಳಿಯಿತು. ಬರೋಡಾದ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಮೊದಲ ಸಂಪುಟ ಬಂದದ್ದು 1925ರಲ್ಲಿ. ಮರುವರ್ಷ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಒಂದು ಭಾಗವನ್ನು ಸಂಪಾದಿಸಿದರು. ಮತ್ಸ್ಯವಿನೋದಕ್ಕೆ ತಕ್ಕ ಓದುಗ ಸಿಕ್ಕಿದ್ದು 1951ರಲ್ಲಿ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಮೀನು ತಜ್ಞ ಸುಂದರಲಾಲ್ ಹೋರಾ ಆ ಅಧ್ಯಾಯವನ್ನು ವಿವರವಾಗಿ ಪರಿಶೀಲಿಸಿ, ಹೆಸರುಗಳನ್ನು ಇಂದಿನ ಮೀನುಗಳಿಗೆ ಹೊಂದಿಸುವ ಪ್ರಯತ್ನ ಮಾಡಿದರು. 2005ರಲ್ಲಿ ನಳಿನಿ ಸಾಧಲೆ ಮತ್ತು ವೈ.ಎಲ್. ನೆನೆ ಅದೇ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರು.

ಸೋಮೇಶ್ವರನ ಬಳಿಕ ಗಾಳದ ಮೇಲೆ ಇನ್ನೊಂದು ದೊಡ್ಡ ಪುಸ್ತಕ ಇದೇ ನಾಡಿನಲ್ಲಿ ಅಚ್ಚಾಗಲು ಏಳೂವರೆ ಶತಮಾನ ಬೇಕಾಯಿತು. ಈ ಸಲ ಬರೆದವನು ಬ್ರಿಟಿಷ್ ಅಧಿಕಾರಿ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ‘ದಿ ರಾಡ್ ಇನ್ ಇಂಡಿಯಾ’ ಹೊರತಂದ. ಮುಂದೆ ಕಿಟ್ಟೆಲರ ನಿಘಂಟನ್ನು ನಾಡಿಗೆ ಕೊಟ್ಟದ್ದೂ ಇದೇ ಮಿಷನ್. ಊರಿನಿಂದ ತಂದ ನಯವಾದ ಗಾಳಗಳು ಇಲ್ಲಿನ ಮಹಶೀರ್ ಮೀನಿನ ಬಾಯಲ್ಲಿ ನಜ್ಜುಗುಜ್ಜಾಗುವುದನ್ನು ಕಂಡವನು ಅವನು. ಮಹಶೀರ್‌ಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ; ಅದರ ಬಾಯಿಯ ಒತ್ತಡಕ್ಕೆ ತೆಳು ಗಾಳ ಚಪ್ಪಟೆಯಾಗುತ್ತದೆ. ಗಾಳ ಕಚ್ಚಿದೊಡನೆ ಅದು ಓಡುವ ಮೊದಲ ಓಟಕ್ಕೆ ನೂರಾರು ಅಡಿ ದಾರ ಬೇಕು. ಹೀಗಾಗಿ ದಪ್ಪ ಗಾಳ, ಉದ್ದ ದಾರ, ಅದನ್ನು ಸುತ್ತಿಡುವ ರಾಟೆ. ಮತ್ತೆ ಅದೇ ಪಾಠ: ಮೀನಿನ ಬಾಯಿ ನೋಡಿ ಗಾಳ ಆರಿಸು. 1887ರಲ್ಲಿ ಆತ ಕೆರೆಗಳಲ್ಲಿ ಗಾಳ ಹಾಕುವುದರ ಬಗೆಗೇ ಇನ್ನೊಂದು ಪುಸ್ತಕ ಬರೆದ. ಕಮಲಾಪುರ, ದರೋಜಿಯಂಥ ದೊಡ್ಡ ಕೆರೆಗಳ ಸೀಮೆಯವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಥಾಮಸ್‌ನಲ್ಲಿ ಮೆಚ್ಚತಕ್ಕ ಗುಣ ಇನ್ನೊಂದಿದೆ. ಹೊಳೆಗೆ ವಿಷ ಕದಡಿ, ಕಿರುಗಣ್ಣಿನ ಬಲೆಯಿಂದ ಮರಿಗಳನ್ನೆಲ್ಲ ಬಳಿದರೆ ಮುಂದೆ ಮೀನೇ ಇರುವುದಿಲ್ಲವೆಂದು ಆತ ಆಗಲೇ ಸರ್ಕಾರಕ್ಕೆ ಬರೆದಿದ್ದ. ವಿಷ ಮತ್ತು ಸಿಡಿಮದ್ದು ಬಳಸಿ ಮೀನು ಹಿಡಿಯುವುದನ್ನು ತಡೆಯುವ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದದ್ದು 1897ರಲ್ಲಿ. ಆದರೂ ದೊಡ್ಡ ಮೀನಿನ ಮೋಹ ಬಿಡಲಿಲ್ಲ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತ್ತು. ಕಾವೇರಿ ಕಣಿವೆಯ ಆ ದೈತ್ಯ ಜಾತಿ ಇಂದು ಅಳಿವಿನ ಅಂಚಿನಲ್ಲಿದೆ.

ಎರೆಯೇ ಇಲ್ಲದೆ ಮೀನನ್ನು ಮೋಸಗೊಳಿಸುವ ವಿದ್ಯೆಯನ್ನೂ ಥಾಮಸ್‌ನ ಕಾಲ ಬಲ್ಲದು. ಚಮಚದಾಕಾರದ ಲೋಹದ ತಗಡು ನೀರಿನಲ್ಲಿ ತಿರುಗುತ್ತ ಹೊಳೆದರೆ, ಗಾಯಗೊಂಡ ಮರಿಮೀನೆಂದು ದೊಡ್ಡದು ಎರಗುತ್ತದೆ. ಕಡಲಿನಲ್ಲಿ ಇದರ ಇನ್ನೊಂದು ರೂಪ ‘ಜಿಗ್’. ಮೀನಿನಾಕಾರದ ಸೀಸದ ತುಂಡನ್ನು ದೋಣಿಯಿಂದ ನೆಟ್ಟಗೆ ತಳದವರೆಗೆ ಇಳಿಸಿ, ಕೋಲನ್ನು ಮೇಲಕ್ಕೆ ಜಗ್ಗಿ ಬಿಡುತ್ತ ಕುಣಿಸುವುದು. ಇಲ್ಲಿ ಆಳ ಮತ್ತು ನೀರಿನ ಸೆಳೆತ ನೋಡಿ ತೂಕ ಆರಿಸಬೇಕು: ಹಗುರಾದರೆ ಸೆಳೆತ ದಾರವನ್ನು ಓರೆ ಮಾಡುತ್ತದೆ, ಅತಿ ಭಾರವಾದರೆ ಸೀಸ ಕುಣಿಯುವ ಬದಲು ಕಲ್ಲಿನಂತೆ ಬೀಳುತ್ತದೆ. ಬಹಳ ಮೀನುಗಳು ಕಚ್ಚುವುದು ಸೀಸ ಮೇಲೇರುವಾಗಲ್ಲ, ತೂರಾಡುತ್ತ ಬೀಳುವಾಗ. ಕೈಗೆ ಆ ಸುಳಿವು ಸಿಗಬೇಕಾದರೆ ದಾರ ಹಿಗ್ಗಬಾರದು. ನಾರಿನ ಹುರಿಯ ಕಾಲದ ಸೋಮೇಶ್ವರ ಇದನ್ನು ನೋಡಿದ್ದರೆ ಅಧ್ಯಾಯಕ್ಕೆ ಇನ್ನೂ ಕೆಲವು ಶ್ಲೋಕ ಸೇರುತ್ತಿದ್ದವು.

ಮತ್ತೆ ತುಂಗಭದ್ರೆಗೆ ಬರೋಣ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಪಯಸ್ ಆನೆಗೊಂದಿಯ ಕಡವಿನಲ್ಲಿ ಕಂಡ, ಬೆತ್ತ ಹೆಣೆದು ಚರ್ಮ ಹೊದಿಸಿದ ಬುಟ್ಟಿಯಂಥ ದುಂಡನೆಯ ದೋಣಿ ನಮ್ಮ ಹರಿಗೋಲೇ. ಹಂಪಿಯ ಬಂಡೆಗಳ ನಡುವಿನ ಮಡುಗಳಲ್ಲಿ ಹರಿಗೋಲು ನಿಲ್ಲಿಸಿ ಬಲೆ ಬೀಸುವವರು ಇಂದಿಗೂ ಇದ್ದಾರೆ. ಹೊದಿಕೆ ಮಾತ್ರ ಚರ್ಮದಿಂದ ಪ್ಲಾಸ್ಟಿಕ್ಕಿಗೆ ಬದಲಾಗಿದೆ. ವಿಜಯನಗರದ ಅರಸರು ತುರ್ತು, ಬಸವಣ್ಣ ಮುಂತಾದ ಕಾಲುವೆಗಳಿಗೆ ಕಟ್ಟಿಸಿದ ಅಣೆಕಟ್ಟುಗಳು ಗಿಡ್ಡವು. ಮಹಾಪೂರದಲ್ಲಿ ನೀರು ಅವುಗಳ ಮೇಲೆಯೇ ಹರಿಯುತ್ತಿತ್ತು, ಮೊಟ್ಟೆಯಿಡಲು ಮೇಲಕ್ಕೆ ಹೋಗುವ ಮೀನಿಗೂ ದಾರಿ ಇರುತ್ತಿತ್ತು. 1953ರಲ್ಲಿ ಹೊಸಪೇಟೆಯ ಬಳಿ ನಿಂತ ಅಣೆಕಟ್ಟಿನ ಎತ್ತರ ಸುಮಾರು 49 ಮೀಟರ್. ಅದನ್ನು ಹತ್ತುವ ಮೀನಿಲ್ಲ. ಜಲಾಶಯಕ್ಕೆ ಕಾಟ್ಲಾ, ರೋಹು ಮರಿಗಳನ್ನು ತಂದು ಬಿಟ್ಟರು. ನೈಲಾನ್ ಬಲೆ ಬಂತು. ಅನ್ನ ಹುಟ್ಟಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹರಿಯುವ ನೀರಿನ ಯಾವ ಸುಳಿಯಲ್ಲಿ ಯಾವ ತಿಂಗಳು ಯಾವ ಮೀನು, ಅದಕ್ಕೆ ಯಾವ ಎರೆ ಎಂಬ ಲೆಕ್ಕಕ್ಕೆ ನಿಂತ ನೀರಿನಲ್ಲಿ ಬೆಲೆ ಉಳಿಯಲಿಲ್ಲ. ತಂದೆ ಮಗನಿಗೆ ಹೇಳುವ ಕಾರಣವೂ ತಪ್ಪಿತು. ಸೋಮೇಶ್ವರನ ಪಟ್ಟಿಯ ಹೆಸರುಗಳನ್ನು ಹೊಂದಿಸಲು ವಿದ್ವಾಂಸರು ಇಷ್ಟು ಶ್ರಮಪಡಬೇಕಾಗಿರುವಾಗ, ಕಂಪ್ಲಿ, ಆನೆಗೊಂದಿಯ ಹಿರಿಯ ಮೀನುಗಾರರ ಬಾಯಲ್ಲಿರುವ ಹೆಸರುಗಳನ್ನು ಬರೆದುಕೊಳ್ಳಲು ಅರಸರೇ ಬರಬೇಕಾಗಿಲ್ಲ. ಒಂದು ನೋಟ್ ಪುಸ್ತಕ ಸಾಕು.

ಇದೇ ಹೊಳೆಯ ಮೇಲುತುದಿಯಲ್ಲಿ, ಶೃಂಗೇರಿಯ ತುಂಗೆಯ ಮೆಟ್ಟಿಲ ಬಳಿ, ಯಾರೂ ಗಾಳ ಹಾಕದ ಮಹಶೀರ್‌ಗಳು ಗುಂಪುಗೂಡುತ್ತವೆ. ಯಾತ್ರಿಕರು ಪೊಟ್ಟಣ ಬಿಚ್ಚುವ ಮೊದಲೇ ಅವು ಬಂದು ಕಾಯುತ್ತವೆ. ಎರಚುವುದು ಮಂಡಕ್ಕಿ.